ಹಸುವಿನ ಮೆಲುಕು ನೋಡುವ ನೀವು ನಿಮ್ಮ ಹೊಟ್ಟೆಯ ಮಾತೂ ಕೇಳಿ



ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ನಿಮ್ಮ ಕಣ್ಣು ಹಸುವಿನ ಕಡೆ ಹೋಗುತ್ತದೆ. ಮೆಲುಕು ಹಾಕುತ್ತಿದೆಯೇ? ರಾತ್ರಿ ಹಾಕಿದ ಮೇವು ಖಾಲಿಯಾಗಿದೆಯೇ? ಸಗಣಿ ಗಟ್ಟಿಯಾಗಿದೆಯೇ, ನೀರಾಗಿದೆಯೇ? ಎಡಗಡೆ ಹೊಟ್ಟೆ ಉಬ್ಬಿದೆಯೇ? ಇಷ್ಟನ್ನೂ ಒಂದೇ ನೋಟದಲ್ಲಿ ತಿಳಿದುಕೊಳ್ಳುತ್ತೀರಿ. ಒಂದು ಹೊತ್ತು ಮೆಲುಕು ನಿಂತರೆ ಸಾಕು, ಪಶು ವೈದ್ಯರಿಗೆ ಫೋನ್ ಹೋಗುತ್ತದೆ.

ನಿಮ್ಮದೇ ಹೊಟ್ಟೆಯ ವಿಷಯ ಬಂದಾಗ ಹಾಗಾಗುವುದಿಲ್ಲ. ತಿಂಗಳುಗಟ್ಟಲೆ ಹೊಟ್ಟೆ ಉಬ್ಬರ, ಎದೆ ಉರಿ, ಒಂದು ದಿನ ಭೇದಿ, ಮೂರು ದಿನ ಮಲಬದ್ಧತೆ. ಕೇಳಿದರೆ ಒಂದೇ ಉತ್ತರ: "ಏನಿಲ್ಲ, ಗ್ಯಾಸ್ಟ್ರಿಕ್ಕು." ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ ತರಿಸಿ ನುಂಗಿದರೆ ಆ ದಿನಕ್ಕೆ ಮುಗಿಯಿತು. ಮಗಳ ಮದುವೆ ಸಾಲ ನೆನಪಾದ ರಾತ್ರಿ, ಹಸು ಕರು ಹಾಕುವ ದಿನ ಹತ್ತಿರ ಬಂದಾಗ, ಮನೆಯಲ್ಲಿ ಮಾತಿಗೆ ಮಾತು ಬೆಳೆದ ಮರುದಿನ ಅದೇ ಹೊಟ್ಟೆ ಮತ್ತೆ ಕೆಡುತ್ತದೆ. ಈ ಎರಡಕ್ಕೂ ಸಂಬಂಧವಿದೆ ಎಂದು ನಿಮಗೆ ಒಳಗೊಳಗೇ ಅನ್ನಿಸಿರುತ್ತದೆ. ಆದರೆ ಯಾರ ಹತ್ತಿರ ಹೇಳುವುದು?

ನಿಮ್ಮ ಅನಿಸಿಕೆ ಸರಿಯಾಗಿಯೇ ಇದೆ. ಹೊಟ್ಟೆಗೂ ಮನಸ್ಸಿಗೂ ನೇರವಾದ ಸಂಪರ್ಕವಿದೆ. ಅದು ಏನು, ಹೇಗೆ, ಅದಕ್ಕೆ ನಾವು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹೆದರಿದ ಹಸು ಹಾಲು ಇಳಿಸುವುದಿಲ್ಲ

ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಲು ಕರೆಯುವ ಹೊತ್ತಿಗೆ ಹೊಸಬರು ಬಂದು ನಿಂತರೆ, ನಾಯಿ ಬೊಗಳಿದರೆ, ಯಾರಾದರೂ ಕೋಲಿನಿಂದ ಒಂದೇಟು ಹಾಕಿದರೆ ಹಸು ಸೊರೆ ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲಿರುತ್ತದೆ, ಮೊಲೆಗೆ ಇಳಿಯುವುದಿಲ್ಲ.

ಕಾರಣ ಇಷ್ಟೇ. ಕರು ಮೊಲೆ ಚೀಪಿದಾಗ ಅಥವಾ ನೀವು ಕೆಚ್ಚಲು ತೊಳೆದು ನೀವಿದಾಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ಕೆಚ್ಚಲನ್ನು ತಲುಪಿ ಹಾಲನ್ನು ಕೆಳಕ್ಕೆ ತಳ್ಳುತ್ತದೆ. ಹಸು ಹೆದರಿದರೆ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ಏರಿ ಈ ಕೆಲಸವನ್ನು ತಡೆಯುತ್ತದೆ. ಮೆಲುಕಿನ ಕಥೆಯೂ ಹೀಗೆಯೇ. ಆರೋಗ್ಯವಾಗಿರುವ ಹಸು ದಿನಕ್ಕೆ ಸುಮಾರು 7–8 ಗಂಟೆ ಮೆಲುಕು ಹಾಕುತ್ತದೆ. ಸೆಕೆ, ನೋವು, ಭಯ, ದೂರದ ಪ್ರಯಾಣ ಇವುಗಳಲ್ಲಿ ಯಾವುದಾದರೂ ಬಂದರೆ ಮೆಲುಕು ಕಡಿಮೆಯಾಗುತ್ತದೆ. ಮೇವು ಅದೇ, ಹಿಂಡಿ ಅದೇ. ಮನಸ್ಸು ಮಾತ್ರ ಬೇರೆ.

ಹಸುವಿನ ವಿಷಯದಲ್ಲಿ ಇದನ್ನು ಒಪ್ಪುವ ನಾವು ನಮ್ಮ ವಿಷಯದಲ್ಲಿ ಒಪ್ಪುವುದಿಲ್ಲ. ಆದರೆ ನಮ್ಮ ಭಾಷೆ ಎಂದೋ ಒಪ್ಪಿಕೊಂಡಿದೆ. ಕೆಟ್ಟ ಸುದ್ದಿ ಕೇಳಿದರೆ ಕರುಳು ಚುರ್ ಅನ್ನುತ್ತದೆ. ಭಯವಾದರೆ ಹೊಟ್ಟೆಯಲ್ಲಿ ತಳಮಳ. ದುಃಖವಾದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಬೇರೆಯವರ ಏಳಿಗೆ ಕಂಡರೆ ಹೊಟ್ಟೆ ಉರಿ. ನಮ್ಮ ಅಜ್ಜಿಯರು ಮನಸ್ಸಿನ ಮಾತನ್ನೆಲ್ಲ ಹೊಟ್ಟೆಯ ಮೂಲಕವೇ ಹೇಳಿದರು. ಅದಕ್ಕೆ ಕಾರಣವಿತ್ತು.

ಹೊಟ್ಟೆಯೊಳಗಿನ ನರಗಳ ಜಾಲ

ಅನ್ನನಾಳದಿಂದ ಗುದದ್ವಾರದವರೆಗೆ ನಮ್ಮ ಜೀರ್ಣಾಂಗದ ಗೋಡೆಯೊಳಗೆ ನರಕೋಶಗಳ ಒಂದು ದೊಡ್ಡ ಜಾಲವಿದೆ. ಅದರಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಊಟವನ್ನು ಮುಂದಕ್ಕೆ ತಳ್ಳುವುದು, ಎಷ್ಟು ರಸ ಸುರಿಸಬೇಕು ಎಂದು ತೀರ್ಮಾನಿಸುವುದು, ಕೆಟ್ಟದ್ದು ಬಂದರೆ ಹೊರಹಾಕುವುದು ಇವೆಲ್ಲವನ್ನೂ ಈ ಜಾಲ ಬಹುಮಟ್ಟಿಗೆ ತಾನೇ ನಡೆಸುತ್ತದೆ. ಹಾಗಾಗಿ ವಿಜ್ಞಾನಿಗಳು ಇದನ್ನು 'ಎರಡನೇ ಮೆದುಳು' ಎಂದೂ ಕರೆಯುತ್ತಾರೆ.

ಈ ಜಾಲಕ್ಕೂ ತಲೆಯಲ್ಲಿರುವ ಮೆದುಳಿಗೂ ನಡುವೆ ವೇಗಸ್ ಎಂಬ ಉದ್ದನೆಯ ನರ ಓಡುತ್ತದೆ. ಟೆಲಿಫೋನ್ ತಂತಿ ಇದ್ದ ಹಾಗೆ ಎಂದುಕೊಳ್ಳಿ. ಮೆದುಳು ಹೇಳುತ್ತದೆ, ಹೊಟ್ಟೆ ಕೇಳುತ್ತದೆ ಎಂದೇ ನಾವು ಭಾವಿಸುತ್ತೇವೆ. ಆದರೆ ಈ ನರದ ಎಳೆಗಳಲ್ಲಿ ಸುಮಾರು ಶೇ. 80ರಷ್ಟು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಅಂದರೆ ಹೊಟ್ಟೆಯೇ ಹೆಚ್ಚು ಮಾತನಾಡುತ್ತದೆ, ಮೆದುಳು ಹೆಚ್ಚು ಕೇಳಿಸಿಕೊಳ್ಳುತ್ತದೆ. ನರಗಳ ನಡುವೆ ಸುದ್ದಿ ಮುಟ್ಟಿಸುವ ಸೆರೊಟೋನಿನ್ ಎಂಬ ವಸ್ತು ಮನಸ್ಸಿನ ಸ್ಥಿತಿಗೆ ಬಹಳ ಮುಖ್ಯ ಎಂದು ನೀವು ಕೇಳಿರಬಹುದು. ನಮ್ಮ ದೇಹದಲ್ಲಿರುವ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ತಯಾರಾಗುವುದು ಕರುಳಿನಲ್ಲಿ. ಕರುಳಿನ ಚಲನೆಗೆ ಅದೇ ಬೇಕು.

ಹಾಗಾದರೆ ಚಿಂತೆ ಹತ್ತಿದಾಗ ಏನಾಗುತ್ತದೆ? ಹುಲಿ ಎದುರಿಗೆ ಬಂದಿದೆ ಎಂದೇ ದೇಹ ತಿಳಿಯುತ್ತದೆ. ಓಡಬೇಕು ಇಲ್ಲವೇ ಎದುರಿಸಬೇಕು. ರಕ್ತವೆಲ್ಲ ಕೈಕಾಲುಗಳಿಗೆ ಹರಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಜೀರ್ಣದ ಕೆಲಸ ಆಗ ಮುಖ್ಯವಲ್ಲ. ಜಠರದ ಕೆಲಸ ನಿಧಾನವಾಗಿ ಊಟ ಕಲ್ಲಿನಂತೆ ಕೂರುತ್ತದೆ. ದೊಡ್ಡ ಕರುಳು ಮಾತ್ರ ಅವಸರ ಮಾಡಿ ಇದ್ದದ್ದನ್ನು ಹೊರಹಾಕಲು ನೋಡುತ್ತದೆ. ಪರೀಕ್ಷೆಯ ದಿನ ಮಕ್ಕಳು ಎರಡೆರಡು ಸಲ ಬಯಲಕಡೆಗೆ ಹೋಗುವುದು ಇದರಿಂದಲೇ. ಹುಲಿ ಹೋದ ಮೇಲೆ ದೇಹ ಸಮಾಧಾನಕ್ಕೆ ಬರುತ್ತದೆ. ಆದರೆ ಸಾಲ, ಮಳೆ, ಗಂಡನ ಕುಡಿತ, ಮಗನ ಕೆಲಸ ಇವು ಹುಲಿಯಂತೆ ಬಂದು ಹೋಗುವುದಿಲ್ಲ. ದಿನಾ ಮನೆಯಲ್ಲೇ ಇರುತ್ತವೆ. ಹೊಟ್ಟೆಗೂ ದಿನಾ ಅದೇ ಪಾಡು.

ಕಣ್ಣಾರೆ ನೋಡಿದವರಿದ್ದಾರೆ

ಇದು ಬರೀ ಊಹೆಯಲ್ಲ. 1822ರಲ್ಲಿ ಅಮೆರಿಕದ ಮ್ಯಾಕಿನಾ ಎಂಬ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗಲಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಉಳಿಸಿದರು. ಆದರೆ ಹೊಟ್ಟೆಯ ಮೇಲಿನ ರಂಧ್ರ ಪೂರ್ತಿ ಮುಚ್ಚಲಿಲ್ಲ. ಆ ರಂಧ್ರದ ಮೂಲಕ ಬೋಮಾಂಟ್ ಜಠರದೊಳಗೆ ಊಟ ಹೇಗೆ ಕರಗುತ್ತದೆ ಎಂದು ವರ್ಷಗಟ್ಟಲೆ ನೋಡಿ 1833ರಲ್ಲಿ ಪುಸ್ತಕ ಬರೆದರು. ಸಿಟ್ಟು, ಭಯ ಬಂದಾಗ ಜಠರದ ಒಳಪದರದ ಬಣ್ಣವೂ ರಸವೂ ಬದಲಾಗಿ ಜೀರ್ಣಕ್ಕೆ ಅಡ್ಡಿಯಾಗುತ್ತದೆ ಎಂದು ಅವರು ಅದರಲ್ಲಿ ದಾಖಲಿಸಿದ್ದಾರೆ.

ಅದಾಗಿ ಅರವತ್ತು ಚಿಲ್ಲರೆ ವರ್ಷಗಳ ಮೇಲೆ, ಎಕ್ಸ್‌ರೇ ಹೊಸದಾಗಿ ಬಂದ ಕಾಲದಲ್ಲಿ, ವಾಲ್ಟರ್ ಕ್ಯಾನನ್ ಎಂಬ ಇನ್ನೊಬ್ಬ ಅಮೆರಿಕದ ವಿಜ್ಞಾನಿ ಬೆಕ್ಕುಗಳಿಗೆ ಎಕ್ಸ್‌ರೇಯಲ್ಲಿ ಕಾಣುವ ವಸ್ತು ಕಲಸಿದ ಆಹಾರ ತಿನ್ನಿಸಿ ಅದು ಹೊಟ್ಟೆಯಲ್ಲಿ ಚಲಿಸುವುದನ್ನು ನೋಡಿದರು. ಬೆಕ್ಕು ಸುಮ್ಮನೆ ಇದ್ದಾಗ ಜಠರ ಅಲೆಅಲೆಯಾಗಿ ಆಡುತ್ತಿತ್ತು. ಬೆಕ್ಕು ಗಾಬರಿಯಾದಾಗ, ಸಿಟ್ಟಾದಾಗ ಜಠರದ ಆಟ ನಿಂತುಹೋಗುತ್ತಿತ್ತು. ಸಮಾಧಾನವಾದ ಮೇಲೆ ಮತ್ತೆ ಶುರು. ಹಸುವಿನ ಮೈ ಸವರಿ, ಹೆಸರು ಹಿಡಿದು ಕರೆದು, ಆಮೇಲೆ ಹಾಲು ಕರೆಯುವ ನಿಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.

ದಾರಿ ಎರಡೂ ಕಡೆಗಿದೆ

ಇನ್ನೊಂದು ಮಾತನ್ನು ಗಮನವಿಟ್ಟು ಓದಿ. ಚಿಂತೆಯಿಂದ ಹೊಟ್ಟೆ ಕೆಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೊಟ್ಟೆ ಕೆಟ್ಟರೂ ಚಿಂತೆ ಹುಟ್ಟುತ್ತದೆ. ಆಸ್ಟ್ರೇಲಿಯಾದಲ್ಲಿ ಜನರನ್ನು 12 ವರ್ಷಗಳ ಅಂತರದಲ್ಲಿ ವಿಚಾರಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಮೊದಲು ಆತಂಕ ಹೆಚ್ಚಿದ್ದು ಹೊಟ್ಟೆ ಚೆನ್ನಾಗಿದ್ದವರಲ್ಲಿ ಮುಂದೆ ಹೊಟ್ಟೆಯ ತೊಂದರೆ ಹೆಚ್ಚಾಗಿ ಕಂಡಿತು. ಮೊದಲು ಹೊಟ್ಟೆಯ ತೊಂದರೆ ಇದ್ದು ಮನಸ್ಸು ಚೆನ್ನಾಗಿದ್ದವರಲ್ಲಿ ಮುಂದೆ ಆತಂಕ ಹೆಚ್ಚಾಗಿ ಕಂಡಿತು. ದಾರಿ ಎರಡೂ ಕಡೆಗಿದೆ.

ನಿಮ್ಮ ದಿನದಲ್ಲಿ ಇದು ಹೇಗೆ ಕಾಣುತ್ತದೆ ನೋಡಿ. ಹೊಟ್ಟೆ ಯಾವಾಗ ಕೆಡುತ್ತದೋ ಎಂಬ ಭಯಕ್ಕೆ ಬಸ್ ಹತ್ತುವುದಿಲ್ಲ, ತವರಿನ ಮದುವೆಗೆ ಹೋಗುವುದಿಲ್ಲ, ಸಂಘದ ಸಭೆಯಲ್ಲಿ ಬಾಗಿಲ ಹತ್ತಿರ ಕೂರುತ್ತೀರಿ. ಆ ಭಯವೇ ಹೊಟ್ಟೆಯನ್ನು ಮತ್ತಷ್ಟು ಕೆಡಿಸುತ್ತದೆ. ಗಾಣದ ಎತ್ತಿನ ಹಾಗೆ ಅದೇ ಸುತ್ತು. ಹೊಟ್ಟೆ ನೋವಿನ ಜೊತೆ ಭೇದಿ ಅಥವಾ ಮಲಬದ್ಧತೆ ತಿಂಗಳುಗಟ್ಟಲೆ ಬಂದು ಹೋಗುತ್ತಾ, ಪರೀಕ್ಷೆಗಳಲ್ಲಿ ಗಾಯವಾಗಲಿ ಗಡ್ಡೆಯಾಗಲಿ ಸಿಗದಿದ್ದರೆ ವೈದ್ಯರು ಅದನ್ನು ಇರಿಟೇಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐಬಿಎಸ್ ಎನ್ನುತ್ತಾರೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮುಟ್ಟಿನ ದಿನಗಳಲ್ಲಿ ಇದು ಜಾಸ್ತಿಯಾಗುವುದೂ ಉಂಟು.

"ರಿಪೋರ್ಟಿನಲ್ಲಿ ಏನೂ ಇಲ್ಲ" ಎಂದರೆ "ನಿಮಗೆ ಏನೂ ಆಗಿಲ್ಲ" ಎಂದಲ್ಲ. ನೋವು ನಿಜ. ಕರುಳಿನ ನರಗಳು ಅತಿ ಸೂಕ್ಷ್ಮವಾಗಿವೆ, ಹೊಟ್ಟೆ ಮತ್ತು ಮೆದುಳಿನ ನಡುವಿನ ಸಂಪರ್ಕದಲ್ಲಿ ಗಡಿಬಿಡಿಯಾಗಿದೆ ಎಂದು ಅರ್ಥ. ಮನೆಯವರು "ನಾಟಕ" ಎಂದರೆ ಈ ಪುಟವನ್ನು ಅವರಿಗೆ ಓದಿ ಹೇಳಿ.

ಆದರೆ ಎಲ್ಲವನ್ನೂ ಚಿಂತೆಯ ತಲೆಗೆ ಕಟ್ಟಬೇಡಿ

ಹೊಟ್ಟೆ ಹುಣ್ಣು ಅಂದರೆ ಅಲ್ಸರ್ ಚಿಂತೆಯಿಂದ, ಖಾರದಿಂದ ಬರುತ್ತದೆ ಎಂದು ವೈದ್ಯರೇ ಬಹುಕಾಲ ನಂಬಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಎಂಬ ಇಬ್ಬರು ವೈದ್ಯರು, ಹೆಚ್ಚಿನ ಅಲ್ಸರ್‌ಗಳಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆ ಬ್ಯಾಕ್ಟೀರಿಯಾ ಹೋಗಲು ಸರಿಯಾದ ಆಂಟಿಬಯೋಟಿಕ್ ಬೇಕು. "ಚಿಂತೆ ಬಿಡಿ" ಎಂದರೆ ಅದು ಹೋಗುವುದಿಲ್ಲ.

ಅಲ್ಸರ್‌ಗೆ ಇನ್ನೊಂದು ದೊಡ್ಡ ಕಾರಣ ನೋವಿನ ಮಾತ್ರೆ. ಹುಲ್ಲಿನ ಹೊರೆ ಹೊತ್ತು ಸೊಂಟ ನೋವು, ಕುಕ್ಕರುಗಾಲಲ್ಲಿ ಕೂತು ಹಾಲು ಕರೆದು ಮಂಡಿ ನೋವು. ಅದಕ್ಕೆ ಚೀಟಿಯಿಲ್ಲದೆ ತಂದ ಮಾತ್ರೆಯನ್ನು ದಿನಾ ನುಂಗುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಗಾಯ ಮಾಡಬಲ್ಲವು. ಅಂಥ ಮಾತ್ರೆ ಬೇಕೇಬೇಕಾದರೆ ವೈದ್ಯರನ್ನು ಕೇಳಿ ತೆಗೆದುಕೊಳ್ಳಿ.

ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಎದೆ ಡವಡವ, ಕೈ ನಡುಕ, ಗಾಬರಿ, ಭೇದಿ ಎಲ್ಲವೂ ಒಟ್ಟಿಗೆ ಬರುತ್ತವೆ. ನೋಡಿದವರಿಗೆ ಬರೀ ಚಿಂತೆಯಂತೆ ಕಾಣುತ್ತದೆ. ರಕ್ತಹೀನತೆಯಲ್ಲೂ ಸುಸ್ತು, ಎದೆಬಡಿತ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಒಂದು ಸಾದಾ ರಕ್ತ ಪರೀಕ್ಷೆಯಿಂದ ಇವು ತಿಳಿಯುತ್ತವೆ.

ತಡಮಾಡದೆ ವೈದ್ಯರ ಬಳಿ ಹೋಗಬೇಕಾದ ಲಕ್ಷಣಗಳು

ಕೆಳಗಿನವುಗಳಲ್ಲಿ ಒಂದಿದ್ದರೂ "ಮುಂದಿನ ಬಟವಾಡೆ ಆಗಲಿ" ಎಂದು ಕಾಯಬೇಡಿ.

• ಮಲದಲ್ಲಿ ರಕ್ತ, ಅಥವಾ ಡಾಂಬರಿನಂತೆ ಕಪ್ಪಾದ ಅಂಟು ಮಲ. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ. ಹಾಗಾಗಿ ಅದನ್ನು ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ.
• ಕಾರಣವಿಲ್ಲದೆ ತೂಕ ಇಳಿಯುವುದು, ರವಿಕೆ ಸಡಿಲವಾಗುವುದು.
• ನುಂಗಲು ಕಷ್ಟ, ಪದೇ ಪದೇ ವಾಂತಿ, ವಾಂತಿಯಲ್ಲಿ ರಕ್ತ.
• ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಜೊತೆಗೆ ಜ್ವರ.
• ವಯಸ್ಸು 45 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ. ಅದರಲ್ಲೂ ವಾರಗಟ್ಟಲೆ ಇಳಿಯದ ಹೊಟ್ಟೆ ಉಬ್ಬರ. ಹೆಂಗಸರಲ್ಲಿ ಇದು ಅಂಡಾಶಯದ ಕಾಯಿಲೆಯ ಸೂಚನೆಯೂ ಆಗಿರಬಹುದು.
• ಮನೆತನದಲ್ಲಿ ಕರುಳಿನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದವರು.

ಇನ್ನೊಂದು ಮುಖ್ಯ ಎಚ್ಚರಿಕೆ: ಎದೆಯಲ್ಲಿ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಹಿಂಡಿದಂಥ ನೋವು, ಬೆವರು, ಉಸಿರು ಕಟ್ಟುವುದು, ನೋವು ದವಡೆಗೆ, ಬೆನ್ನಿಗೆ ಅಥವಾ ತೋಳಿಗೆ ಹರಡುವುದು ಹೃದಯಾಘಾತದ ಲಕ್ಷಣ. ಹೆಂಗಸರಲ್ಲಿ ಇದು ಎಷ್ಟೋ ಸಲ ಗ್ಯಾಸ್‌ನಂತೆ ಕಾಣುತ್ತದೆ. ಸೋಡಾ ಕುಡಿದು ನೋಡೋಣ ಎನ್ನದೆ ಕೂಡಲೇ 108ಕ್ಕೆ ಫೋನ್ ಮಾಡಿ.

ದಿನಚರಿಯಲ್ಲಿ ಏನು ಬದಲಿಸಬಹುದು?

ಐದು ಗಂಟೆಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಹುಲ್ಲು ಕೊಯ್ದು ತರುವ ಹೊತ್ತಿಗೆ ಹನ್ನೊಂದು. ಅಲ್ಲಿಯವರೆಗೆ ಹೊಟ್ಟೆಗೆ ಬಿದ್ದಿರುವುದು ಎರಡು ಲೋಟ ಟೀ. ರಾತ್ರಿ ಎಲ್ಲರೂ ಉಂಡ ಮೇಲೆ ನಿಮ್ಮ ಊಟ, ಉಂಡ ಕೂಡಲೇ ನಿದ್ದೆ. ಹಸುವಿಗೆ ಹೀಗೆ ಹೊತ್ತು ತಪ್ಪಿ ಮೇವು ಹಾಕಿದರೆ ಹಾಲು ಇಳಿಯುತ್ತದೆ ಎಂದು ನೀವೇ ಹೇಳುತ್ತೀರಿ.

ಡೇರಿಗೆ ಹೊರಡುವ ಮುನ್ನ ಏನಾದರೂ ಸ್ವಲ್ಪ ತಿನ್ನಿ. ರಾಗಿ ಗಂಜಿ, ರಾತ್ರಿ ಉಳಿದ ರೊಟ್ಟಿ, ಒಂದು ಬಾಳೆಹಣ್ಣು ಯಾವುದಾದರೂ ಸರಿ. ಬರೀ ಹೊಟ್ಟೆಗೆ ಟೀ ಬೇಡ. ಊಟವಾದ ಕೂಡಲೇ ಟೀ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಟೀ, ಕಾಫಿ ಹೆಚ್ಚಾದರೆ ಎದೆಬಡಿತವೂ ಗಾಬರಿಯೂ ಹೆಚ್ಚಾಗುತ್ತವೆ. ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಹೊಟ್ಟೆಗೂ ಬಾಯಿಗೂ ಕೇಡು.

ರಾತ್ರಿ ಊಟಕ್ಕೂ ನಿದ್ದೆಗೂ ನಡುವೆ ಎರಡು ಗಂಟೆಯಾದರೂ ಇದ್ದರೆ ಎದೆ ಉರಿ ಕಡಿಮೆಯಾಗುತ್ತದೆ. ಸಂಜೆಯ ಹಾಲು ಹಾಕಿ ಬಂದ ಕೂಡಲೇ ಮಕ್ಕಳ ಜೊತೆಗೇ ಕೂತು ಉಣ್ಣುವುದನ್ನು ರೂಢಿ ಮಾಡಿ. ಮನೆಯ ಹೆಂಗಸು ಕೊನೆಗೇ ಉಣ್ಣಬೇಕೆಂಬ ನಿಯಮದಿಂದ ಯಾರಿಗೂ ಲಾಭವಿಲ್ಲ.

ಸೊಪ್ಪು, ತರಕಾರಿ, ಕಾಳು ಒಳ್ಳೆಯದು. ಆದರೆ ಒಂದೇ ದಿನ ಹೆಚ್ಚಿಸಬೇಡಿ. ಹಸುವಿಗೆ ಹೊಸ ಮೇವನ್ನು ಏಳೆಂಟು ದಿನ ಸ್ವಲ್ಪ ಸ್ವಲ್ಪವೇ ಬೆರೆಸಿ ಅಭ್ಯಾಸ ಮಾಡಿಸುತ್ತೀರಲ್ಲ? ಹಸುವಿನ ಮೊದಲ ಹೊಟ್ಟೆಯಲ್ಲಿ ಮೇವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹೊಂದಿಕೊಳ್ಳಲು ಸಮಯ ಬೇಕು. ನಮ್ಮ ದೊಡ್ಡ ಕರುಳಿನಲ್ಲೂ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ, ಅವಕ್ಕೂ ಅದೇ ನಿಯಮ. ಮಲಬದ್ಧತೆಗೆ ಇಸಬ್‌ಗೋಲನ್ನು ಸಾಕಷ್ಟು ನೀರಿನ ಜೊತೆ ತೆಗೆದುಕೊಳ್ಳಬಹುದು. ಹೊಲದಲ್ಲಿ ಶೌಚಕ್ಕೆ ಜಾಗವಿಲ್ಲ ಎಂದು ನೀರು ಕುಡಿಯದೆ ಇರುವುದು, ಬಂದದ್ದನ್ನು ತಡೆದುಕೊಳ್ಳುವುದು ಎರಡೂ ಮಲಬದ್ಧತೆಗೆ ದಾರಿ.

ಹಾಲಿನ ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ನಮ್ಮ ದೇಶದಲ್ಲಿ ದೊಡ್ಡವರಾದ ಮೇಲೆ ಬಹಳ ಮಂದಿಗೆ ಹಾಲಿನ ಸಕ್ಕರೆ ಪೂರ್ತಿ ಜೀರ್ಣವಾಗುವುದಿಲ್ಲ. ಹಾಲು ಕುಡಿದಾಗಲೆಲ್ಲ ಹೊಟ್ಟೆ ಗುಡುಗುಟ್ಟಿದರೆ ಅದು ಕಾರಣವಿರಬಹುದು. ಅಂಥವರಿಗೆ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯ ಒಂದಷ್ಟು ಭಾಗವನ್ನು ಮೊದಲೇ ಕರಗಿಸಿರುತ್ತವೆ. ಕರುಳಿನ ಸೂಕ್ಷ್ಮಜೀವಿಗಳಿಗೂ ಮನಸ್ಸಿಗೂ ಇರುವ ನಂಟಿನ ಬಗ್ಗೆ ಈಗ ಸಂಶೋಧನೆ ನಡೆಯುತ್ತಿದೆ. ಅದರ ಹೆಸರಿನಲ್ಲಿ ಚಿಂತೆ ಕಳೆಯುವ ಪುಡಿ, ಡಬ್ಬಿ ಎಂದು ಮಾರಲು ಬಂದವರಿಗೆ ಹಾಲಿನ ದುಡ್ಡು ಕೊಡಬೇಡಿ. ಮನೆಯ ಮಜ್ಜಿಗೆ ಸಾಕು.

ಇನ್ನೊಂದು ಸುಲಭ ಅಭ್ಯಾಸ ಉಸಿರಿನದು. ಬೆನ್ನು ನೆಟ್ಟಗೆ ಮಾಡಿ ಕೂತು ಒಂದು ಕೈ ಹೊಟ್ಟೆಯ ಮೇಲಿಡಿ. ಹೊಟ್ಟೆ ಮುಂದೆ ಬರುವಂತೆ ಮೂಗಿನಿಂದ ನಿಧಾನವಾಗಿ ಉಸಿರೆಳೆದುಕೊಳ್ಳಿ. ಅದಕ್ಕಿಂತ ನಿಧಾನವಾಗಿ ಹೊರಬಿಡಿ. ಐದು ನಿಮಿಷ ಸಾಕು, ದಿನಕ್ಕೆರಡು ಸಲ. ಉಸಿರು ನಿಧಾನವಾದಾಗ ಆ ವೇಗಸ್ ನರದ ಮೂಲಕ "ಹುಲಿ ಇಲ್ಲ" ಎಂಬ ಸುದ್ದಿ ಮೈಗೆಲ್ಲ ಮುಟ್ಟುತ್ತದೆ.

ಹೊಟ್ಟೆಗೂ ಚಿಂತೆಗೂ ಒಂದು ಲೆಕ್ಕದ ಪುಸ್ತಕ

ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ಎಸ್‌ಎನ್‌ಎಫ್ ಎಂದು ಹೊತ್ತು ಹೊತ್ತಿಗೂ ಬರೆದಿಡುವ ರೂಢಿ ನಮಗಿದೆ. ಅದೇ ರೀತಿ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ 15 ದಿನ ಮೂರು ಸಾಲು ಬರೆಯಿರಿ. ಇವತ್ತು ಎಷ್ಟು ಹೊತ್ತಿಗೆ, ಏನು ತಿಂದೆ? ಹೊಟ್ಟೆ ಹೇಗಿತ್ತು? ಮನಸ್ಸಿನಲ್ಲಿ ಏನಿತ್ತು? ಬರೆಯಲು ಬಾರದಿದ್ದರೆ ಮಕ್ಕಳ ಕೈಲಿ ಬರೆಸಿ, ಇಲ್ಲವೇ ಗುರುತು ಹಾಕಿ. 15 ದಿನಕ್ಕೆ ನಿಮಗೇ ಲೆಕ್ಕ ತಿಳಿಯುತ್ತದೆ. ಯಾವ ಊಟ ಒಗ್ಗುವುದಿಲ್ಲ, ಯಾವ ಮಾತು ಒಗ್ಗುವುದಿಲ್ಲ, ಎರಡೂ ಅಲ್ಲಿ ಕಾಣುತ್ತವೆ. ವೈದ್ಯರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದವಿಲ್ಲ.

ಚಿಂತೆಯನ್ನೂ ಎರಡು ಪಾಲು ಮಾಡಿ. ನಾನು ಏನಾದರೂ ಮಾಡಬಹುದಾದದ್ದು ಒಂದು, ನನ್ನ ಕೈಯಲ್ಲಿ ಇಲ್ಲದ್ದು ಇನ್ನೊಂದು. ಫ್ಯಾಟ್ ಯಾಕೆ ಇಳಿಯಿತು ಎಂದು ರಾತ್ರಿಯೆಲ್ಲ ಹೊರಳಾಡುವ ಬದಲು ಬೆಳಿಗ್ಗೆ ಕಾರ್ಯದರ್ಶಿಯನ್ನು ಕೇಳಬಹುದು. ಹಸು ಸತ್ತರೆ ಗತಿಯೇನು ಎಂಬ ಭಯಕ್ಕೆ ವಿಮೆ ಇದೆ, ಅದರ ಕಂತು ಯಾವಾಗ ಎಂದು ವಿಚಾರಿಸಬಹುದು. ಸಾಲ ಎಷ್ಟಿದೆ, ಯಾರಿಗೆ, ಬಡ್ಡಿ ಎಷ್ಟು ಎಂದು ಗಂಡ ಹೆಂಡತಿ ಒಂದೇ ಕಡೆ ಕೂತು ಬರೆದರೆ ಸಾಲ ಕಡಿಮೆಯಾಗುವುದಿಲ್ಲ, ನಿಜ. ಆದರೆ ಕತ್ತಲಲ್ಲಿ ಕಂಡ ಹಗ್ಗಕ್ಕೂ ಬೆಳಕಲ್ಲಿ ಕಂಡ ಹಗ್ಗಕ್ಕೂ ವ್ಯತ್ಯಾಸವಿದೆ. ಮಳೆ ಬರುತ್ತದೆಯೋ ಇಲ್ಲವೋ ಎಂಬುದು ಮಾತ್ರ ನಮ್ಮ ಕೈಯಲ್ಲಿಲ್ಲ.

ವೈದ್ಯರಿಗೆ ಪೂರ್ತಿ ಹೇಳಿ

ಆಸ್ಪತ್ರೆಗೆ ಹೋದಾಗ "ಗ್ಯಾಸ್ಟ್ರಿಕ್ ಸಾರ್" ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ನಿದ್ದೆ ಬರುತ್ತಿಲ್ಲ, ಎದೆ ಡವಡವ ಎನ್ನುತ್ತದೆ, ಏನೋ ಕೆಟ್ಟದ್ದಾಗುತ್ತದೆ ಎಂದು ಸದಾ ಅನ್ನಿಸುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ ಎಂಬುದನ್ನೂ ಹೇಳಿ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ತೋರಿಸಿ. ಆಸಿಡ್ ಕಡಿಮೆ ಮಾಡುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುವುದು ಒಳ್ಳೆಯದಲ್ಲ.

ಹೊಟ್ಟೆ ನೋವಿಗೆಂದು ಹೋದರೆ ವೈದ್ಯರು ಕೆಲವೊಮ್ಮೆ ಮನಸ್ಸಿನ ಕಾಯಿಲೆಗೂ ಕೊಡುವ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಬರೆದುಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಯಾರೋ "ಇದು ತಲೆಯ ಮಾತ್ರೆ" ಎಂದರೆ ಗಾಬರಿಯಾಗಬೇಡಿ. ಆ ಮಾತ್ರೆ ಕರುಳಿನ ನರಗಳ ಮೇಲೂ ಕೆಲಸ ಮಾಡುತ್ತದೆ. ಐಬಿಎಸ್ ಇರುವವರಿಗೆ ಅಂಥ ಒಂದು ಮಾತ್ರೆ ಸಣ್ಣ ಪ್ರಮಾಣದಲ್ಲಿ ಉಪಯೋಗವಾಗುತ್ತದೆ ಎಂದು ಬ್ರಿಟನ್ನಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಶುರು ಮಾಡುವುದೂ ನಿಲ್ಲಿಸುವುದೂ ವೈದ್ಯರ ಮಾತಿನಂತೆಯೇ ಆಗಬೇಕು. ಮಾತ್ರೆಯಲ್ಲದೆ ಮಾತಿನ ಚಿಕಿತ್ಸೆಯೂ ಇದೆ. ತರಬೇತಿ ಪಡೆದವರ ಜೊತೆ ಕೆಲವು ಸಲ ಕೂತು ಮಾತನಾಡಿ, ಭಯವನ್ನು ಹತೋಟಿಗೆ ತರುವುದನ್ನು ಕಲಿತರೆ ಹೊಟ್ಟೆಯ ತೊಂದರೆಯೂ ಕಡಿಮೆಯಾಗುತ್ತದೆ.

ಸಹಾಯ ಎಲ್ಲಿ ಸಿಗುತ್ತದೆ?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಆರೋಗ್ಯ ಸೇವೆ ಕೊಡಬಹುದು ಎಂದು ಮಾಡಿ ತೋರಿಸಿತು. ಅದೇ ಮಾದರಿಯಲ್ಲಿ 1996ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಮನೆಯಿಂದ ಹೊರಡಲು ಆಗದಿದ್ದರೆ 14416 ಸಂಖ್ಯೆಗೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡ ಎಂಬ ಯೋಚನೆ ಬಂದರಂತೂ ಒಂದು ಗಳಿಗೆಯೂ ಒಬ್ಬರೇ ಇರಬೇಡಿ. ಹತ್ತಿರದವರನ್ನು ಕೂಗಿ, ಅದೇ ಸಂಖ್ಯೆಗೆ ಫೋನ್ ಮಾಡಿ.

ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ. ನಿಮ್ಮ ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತ ಸಾಲಿನಲ್ಲಿ ಇಂಥವರು ಎಷ್ಟು ಮಂದಿ ಇರಬಹುದು ಎಂದು ಎಣಿಸಿ ನೋಡಿ.

ಆ ಸಾಲಿನಲ್ಲಿ ದಿನಕ್ಕೆರಡು ಸಲ ನೀವು ಭೇಟಿಯಾಗುತ್ತೀರಿ. "ನಿಮ್ಮ ಹಸು ಹೇಗಿದೆ?" ಎಂದು ಒಬ್ಬರನ್ನೊಬ್ಬರು ಕೇಳುತ್ತೀರಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಿಮಗೆಲ್ಲ ಗೊತ್ತು. ಈ ಎರಡೂ ಕೂಡಿದರೆ ಹೊಟ್ಟೆಗೂ ಮನಸ್ಸಿಗೂ ಔಷಧ. ನಾಳೆ ಬೆಳಿಗ್ಗೆ ಹಾಲು ಅಳೆಸುವಾಗ ಪಕ್ಕದ ಅಕ್ಕನನ್ನು ಇನ್ನೊಂದು ಮಾತು ಹೆಚ್ಚಾಗಿ ಕೇಳಿ: "ಅಕ್ಕಾ, ಏನಾದರೂ ತಿಂದು ಬಂದ್ಯಾ? ರಾತ್ರಿ ನಿದ್ದೆ ಬಂತಾ?"